ಜ್ವರದ ಜೊತೆ ಯಾತ್ರೆಯ ತಾರೀಖನ್ನೂ ಹೇಳಿ

ದಾವಣಗೆರೆಯಲ್ಲಿ ಯಾತ್ರೆಗೆ ಹೋಗಿ ಬಂದವರಿಗೆ ಜ್ವರ ಬಂದರೆ ಮನೆಯಲ್ಲಿ ಮೊದಲು ಬರುವ ಮಾತು, "ಓಡಾಟ ಜಾಸ್ತಿ ಆಯ್ತು, ನೀರು ಬೇರೆ ಬದಲಾಯ್ತು." ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ನಾಲ್ಕೈದು ದಿನ ಕಳೆಯುತ್ತದೆ. ಆಮೇಲೆ ಡಾಕ್ಟರಾದ ನಾವು "ಎಲ್ಲಿಗೆ ಹೋಗಿದ್ರಿ?" ಅಂತ ಕೇಳಿದರೆ, "ಬಂದು ಹದಿನೈದು ದಿನ ಆಯ್ತಲ್ಲ ಡಾಕ್ಟ್ರೇ, ಅದಕ್ಕೂ ಇದಕ್ಕೂ ಏನು ಸಂಬಂಧ?" ಅನ್ನುತ್ತಾರೆ.

ಸಂಬಂಧ ಇದೆ. ಡೆಂಗಿ ಕಾಣಿಸಿಕೊಳ್ಳಲು 4ರಿಂದ 10 ದಿನ ಬೇಕು. ಟೈಫಾಯ್ಡ್‌ಗೆ ಸಾಮಾನ್ಯವಾಗಿ 1ರಿಂದ 3 ವಾರ. ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆಗೆ ಸುಮಾರು 4 ವಾರ, ಕೆಲವರಿಗೆ 50 ದಿನವೂ ಆಗಬಹುದು. ಹಾಗಾಗಿ ಹೋದ ಊರು, ಬಂದ ತಾರೀಖು ಎರಡನ್ನೂ ಹೇಳಿ. ಜೊತೆಗೆ ಬಂದವರಲ್ಲಿ ಬೇರೆ ಯಾರಾದರೂ ಮಲಗಿದ್ದರೆ ಅದನ್ನೂ ಹೇಳಿ.

ಶಬರಿಮಲೆಯ ಕಾಡುದಾರಿ ನಡೆದು ಬಂದವರಿಗೆ ಜ್ವರ, ತಲೆನೋವು ಬಂದರೆ ನಾನು ಪಂಚೆ ಕಟ್ಟುವ ಜಾಗ, ಕಂಕುಳು, ತೊಡೆಸಂದು ಬಿಡದೆ ನೋಡುತ್ತೇನೆ. ಬೀಡಿಯಿಂದ ಸುಟ್ಟಂತೆ ಕಪ್ಪು ಹಕ್ಕಳೆ, ಸುತ್ತ ಕೆಂಪು. ನೋವೂ ಇಲ್ಲ, ತುರಿಕೆಯೂ ಇಲ್ಲ, ಅದಕ್ಕೇ ಅದು ಇರುವುದು ಅವರಿಗೇ ಗೊತ್ತಿರುವುದಿಲ್ಲ. ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿದ ಗುರುತು ಅದು. ಕಾಯಿಲೆ ಸ್ಕ್ರಬ್ ಟೈಫಸ್. ಈ ಕಲೆ ಎಲ್ಲರಲ್ಲೂ ಇರುವುದಿಲ್ಲ. ಬೇಗ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಕಿಡ್ನಿಗೆ ಹೊಡೆತ.

ಟೈಫಾಯ್ಡ್ ಅನುಮಾನ ಇದ್ದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಆಗಬೇಕು. ಅರ್ಧ ಕೋರ್ಸ್ ನುಂಗಿ ಬಂದರೆ ಕಲ್ಚರ್‌ನಲ್ಲಿ ರೋಗಾಣು ಬೆಳೆಯದೇ ಹೋಗಬಹುದು. ಶುರುವಿನ ದಿನಗಳಲ್ಲಿ ಮಾಡಿಸಿದ ವಿಡಾಲ್ ಅನ್ನುವ ಟೈಫಾಯ್ಡ್ ರಕ್ತಪರೀಕ್ಷೆ ಒಂದನ್ನೇ ನಂಬಿ ಕೂರಬೇಡಿ.

ಇನ್ನು ಕಾಶಿಯ ಗಂಗೆ. ತಂಬಿಗೆ ಬಂದ ಮನೆಯಲ್ಲಿ ಓಣಿಯವರಿಗೆಲ್ಲ ತೀರ್ಥ ಹಂಚುತ್ತಾರೆ. ದೇವರ ಮುಂದೆ ಇಡಿ, ಮನೆಗೆಲ್ಲ ಪ್ರೋಕ್ಷಣೆ ಮಾಡಿ, ಆದರೆ ಕುಡಿಯಬೇಡಿ. ಬಸುರಿಯರಿಗಂತೂ ಕೊಡಲೇಬೇಡಿ. ಕಲುಷಿತ ನೀರಿನಿಂದ ಹೆಪಟೈಟಿಸ್ ಇ ಅನ್ನುವ ಇನ್ನೊಂದು ಕಾಮಾಲೆ ಬರಬಹುದು. ಬಸುರಿನ ಕೊನೆಯ ತಿಂಗಳುಗಳಲ್ಲಿ ಅದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಹಜ್‌ಗೆ ಹೋಗುವವರಿಗೆ ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಸೋಂಕು) ಲಸಿಕೆ ಕಡ್ಡಾಯ. ಅಲ್ಲಿ ತಲುಪುವ 10 ದಿನ ಮೊದಲೇ ಹಾಕಿಸಿರಬೇಕು. 2000ರಲ್ಲಿ ಹಾಜಿಗಳ ಜೊತೆ ಈ ಕಾಯಿಲೆ ಹಲವು ದೇಶಗಳಿಗೆ ಹೋಗಿ, ಮನೆಯವರಿಗೂ ಹರಡಿತ್ತು. ಈ ಲಸಿಕೆ ಫ್ಲೂ ತಡೆಯುವುದಿಲ್ಲ, ಒಂಟೆಯಿಂದ ಬರುವ, ಶ್ವಾಸಕೋಶಕ್ಕೆ ಹೊಡೆಯುವ ಮರ್ಸ್ ವೈರಸ್ಸನ್ನೂ ತಡೆಯುವುದಿಲ್ಲ. ವಾಪಸ್ ಬಂದ 14 ದಿನದೊಳಗೆ ಜ್ವರ, ಕೆಮ್ಮು, ಉಬ್ಬಸ ಬಂದರೆ ಮಾಸ್ಕ್ ಹಾಕಿಕೊಂಡು ಬನ್ನಿ. ಕ್ಯೂನಲ್ಲಿ ಕೂರುವ ಮೊದಲೇ ಹಜ್‌ನಿಂದ ಬಂದಿದ್ದೇವೆ ಅಂತ ಸಿಸ್ಟರ್‌ಗೆ ಹೇಳಿಬಿಡಿ.