ಯೂನಿಫಾರ್ಮ್ ಕಡ್ಡಾಯ ಇರಬೇಕಾ? ಚರ್ಚೆಗೆ ಓದುವಾಗ ಬರೆದುಕೊಂಡದ್ದು

ಈ ವಿಷಯ ಪ್ರಬಂಧಕ್ಕೂ ಬರುತ್ತದೆ, ಚರ್ಚಾ ಸ್ಪರ್ಧೆಗೂ ಬರುತ್ತದೆ. ಪರ-ವಿರೋಧದ ಪಟ್ಟಿ ಎಲ್ಲರಿಗೂ ಬಾಯಿಪಾಠ. ಒಂದು ಕಡೆ ಶಿಸ್ತು, ಸಮಾನತೆ. ಇನ್ನೊಂದು ಕಡೆ ಸ್ವಾತಂತ್ರ್ಯ, ಖರ್ಚು. ಅದನ್ನೇ ಮತ್ತೆ ಬರೆಯುವುದಿಲ್ಲ. ನನಗೆ ತಲೆ ಕೆಟ್ಟಿದ್ದು "ಯೂನಿಫಾರ್ಮ್ ತಂದ ಮೇಲೆ ಗಲಾಟೆ ಕಡಿಮೆಯಾಯಿತು" ಅನ್ನುವ ಒಂದೇ ಸಾಲಿನಲ್ಲಿ. ಹಾಗಾಗಿ ಈ ಟಿಪ್ಪಣಿಯಲ್ಲಿ ಜಾಸ್ತಿ ಜಾಗ ಅದಕ್ಕೇ ಹೋಗಿದೆ.

ಪ್ರಶ್ನೆ ಏನು?

ಯೂನಿಫಾರ್ಮ್ ಚೆಂದವೋ ಅಲ್ಲವೋ ಅನ್ನುವುದು ಪ್ರಶ್ನೆಯಲ್ಲ. ಬೇಡ ಅನ್ನುವವನಿಗೂ ಹಾಕಿಸಬಹುದಾ ಅನ್ನುವುದು ಪ್ರಶ್ನೆ. ಹಾಕಿಸಬೇಕು ಅನ್ನುವವರೇ ಕಾರಣ ಕೊಡಬೇಕು. ಡ್ರೆಸ್ ಕೋಡ್ ಜೊತೆ ಇದನ್ನು ಬೆರೆಸಬೇಡಿ. ಅದು ಏನು ಹಾಕಬಾರದು ಅಂತ ಹೇಳುತ್ತದೆ, ಇದು ಏನು ಹಾಕಲೇಬೇಕು ಅಂತ ಹೇಳುತ್ತದೆ.

ಲಾಂಗ್ ಬೀಚ್ ಎಂಬ ಗಂಟು

ಪರವಾಗಿ ಮಾತಾಡುವವರು ತಪ್ಪದೇ ಎತ್ತುವ ಉದಾಹರಣೆ ಇದು. ಅಮೆರಿಕದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ 1994ರಲ್ಲಿ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಿಗೆ ಯೂನಿಫಾರ್ಮ್ ತಂದರು. ಮೊದಲ ವರ್ಷವೇ ಶಾಲೆಗಳಲ್ಲಿ ಅಪರಾಧ 36 ಶೇಕಡಾ ಇಳಿಯಿತು ಅಂತ ವರದಿಯಾಯಿತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ತಮ್ಮ ವಾರ್ಷಿಕ ಭಾಷಣದಲ್ಲಿ ಯೂನಿಫಾರ್ಮ್ ಪರ ಮಾತಾಡಿದರು. ಅದೇ ವರ್ಷ ಅಲ್ಲಿನ ಶಿಕ್ಷಣ ಇಲಾಖೆ ಈ ಬಗ್ಗೆ ಕೈಪಿಡಿಯನ್ನೂ ಹಂಚಿತು.

ಓದಿದರೆ ವಾದ ಅಲ್ಲಿಗೇ ಮುಗಿಯಿತು ಅನಿಸುತ್ತದೆ, ಅಲ್ವಾ? ಸಂಖ್ಯೆ ಇದೆ, ಊರು ಇದೆ, ಅಧ್ಯಕ್ಷರೇ ಹೇಳಿದ್ದಾರೆ. ಆದರೂ ಇದು ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋದ ಕಥೆ ಇರಬಹುದು. ಯಾಕೆ ಅಂತ ನಿಧಾನವಾಗಿ ಬಿಡಿಸೋಣ.

ಕಾಲ್ಪನಿಕ ಲೆಕ್ಕ ಒಂದನ್ನು ತೆಗೆದುಕೊಳ್ಳಿ. 'ಅ' ಶಾಲೆಯಲ್ಲಿ ಒಂದು ವರ್ಷ 40 ಜಗಳ. ಯೂನಿಫಾರ್ಮ್ ಬಂತು, ಮರುವರ್ಷ 25. ಕಡಿಮೆಯಾಗಿದ್ದು 15. ಹೆಚ್ಚಿನವರು ಇಲ್ಲೇ ನಿಲ್ಲುತ್ತಾರೆ. ನಾವು ಪಕ್ಕದ 'ಆ' ಶಾಲೆಗೆ ಹೋಗೋಣ. ಅಲ್ಲಿ ಯೂನಿಫಾರ್ಮ್ ಬರಲೇ ಇಲ್ಲ. ಅಲ್ಲೂ ಮೊದಲ ವರ್ಷ 40 ಜಗಳ, ಮರುವರ್ಷ 27. ಅಂದರೆ ಏನೂ ಮಾಡದೆಯೇ 13 ಕಡಿಮೆ. ಈಗ 15ರಲ್ಲಿ 13 ಕಳೆಯಿರಿ. ಉಳಿದಿದ್ದು 2. ಯೂನಿಫಾರ್ಮ್‌ನ ಖಾತೆಗೆ ಹೆಚ್ಚೆಂದರೆ ಆ 2 ಹೋಗಬಹುದು. 15 ಅಂತೂ ಅಲ್ಲ.

ಕಳೆಯುವುದು ಸುಲಭ. ನನ್ನನ್ನು ಎಡವಿಸಿದ್ದು ಅದರ ಹಿಂದಿನ ಹೆಜ್ಜೆ: 'ಆ' ಶಾಲೆ ಯಾಕೆ ಬೇಕು? 'ಅ' ಶಾಲೆಯ ಹಳೇ ವರ್ಷವನ್ನೇ ಹೋಲಿಕೆಗೆ ಇಟ್ಟುಕೊಂಡರೆ ಸಾಲದೇ? ಸಾಲದು. ಹಳೇ ವರ್ಷಕ್ಕೂ ಹೊಸ ವರ್ಷಕ್ಕೂ ನಡುವೆ ಬದಲಾಗಿದ್ದು ಬಟ್ಟೆ ಮಾತ್ರ ಅಲ್ಲ. ಜಗಳಗಂಟ ಹುಡುಗರು ಪಾಸಾಗಿ ಹೋಗಿರಬಹುದು. ಹೊಸ ನಿಯಮ ಬಂತು ಅಂತ ಶಿಕ್ಷಕರು ವರಾಂಡದಲ್ಲಿ ಜಾಸ್ತಿ ಓಡಾಡಿರಬಹುದು. ಊರಿನಲ್ಲೇ ಅಪರಾಧ ಇಳಿಯುತ್ತಿರಬಹುದು. ಈ ಕೊನೆಯದು ಊಹೆಯ ಮಾತಲ್ಲ, 1990ರ ದಶಕದಲ್ಲಿ ಅಮೆರಿಕದ ಉದ್ದಗಲಕ್ಕೂ ಅಪರಾಧ ಇಳಿಯಿತು. ಇದನ್ನೆಲ್ಲ ಹಳೇ ವರ್ಷ ತೋರಿಸುವುದಿಲ್ಲ. ಅದೇ ಗಾಳಿಯಲ್ಲಿದ್ದು ಬಟ್ಟೆ ಬದಲಿಸದ ಶಾಲೆ ಮಾತ್ರ ತೋರಿಸುತ್ತದೆ.

ಇನ್ನೊಂದು ಮಾತು. ಶಾಲೆ ಕೈಗೆ ಸಿಕ್ಕ ವರ್ಷದಲ್ಲಿ ಯೂನಿಫಾರ್ಮ್ ತರುವುದಿಲ್ಲ. ಗಲಾಟೆ ಮಿತಿಮೀರಿದಾಗ ತರುತ್ತದೆ. ಮಿತಿಮೀರಿದ ವರ್ಷದ ನಂತರ ಸಾಮಾನ್ಯ ವರ್ಷ ಬರುವುದು ಸಹಜ. ಏನು ಮಾಡಿದ್ದರೂ, ಸುಮ್ನೆ ಕೂತಿದ್ದರೂ ಒಂದಷ್ಟು ಇಳಿಯುತ್ತಿತ್ತು.

ನನ್ನ ಶಾರ್ಟ್‌ಕಟ್: ಯಾವುದೇ ವಾದ ಕೇಳಿದರೂ "ಯೂನಿಫಾರ್ಮ್ ಇಲ್ಲದ ಕಡೆ ಏನಾಯಿತು?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅದಕ್ಕೆ ಅಂಕ ಕೊಡಬೇಡಿ.

ಈ ಪ್ರಶ್ನೆ ಕೇಳಿದವರಿಗೆ ಸಿಕ್ಕಿದ್ದು

1998ರಲ್ಲಿ ಬ್ರನ್ಸ್ಮಾ ಮತ್ತು ರಾಕ್‌ಮೋರ್ ಎಂಬ ಸಂಶೋಧಕರು ಅಮೆರಿಕದ ಹತ್ತನೇ ತರಗತಿಯ ಮಕ್ಕಳ ರಾಷ್ಟ್ರಮಟ್ಟದ ಮಾಹಿತಿ ತೆಗೆದುಕೊಂಡು ಯೂನಿಫಾರ್ಮ್ ಇರುವ, ಇಲ್ಲದ ಮಕ್ಕಳನ್ನು ಹೋಲಿಸಿದರು. ಹಾಜರಿ, ನಡತೆ, ಮಾದಕ ವಸ್ತು, ಮೂರರ ಮೇಲೂ ನೇರ ಪರಿಣಾಮ ಕಾಣಲಿಲ್ಲ. ಕ್ಯಾಥೊಲಿಕ್ ಶಾಲೆಗಳ ಮಕ್ಕಳು ಯೂನಿಫಾರ್ಮ್ ಹಾಕುತ್ತಾರೆ, ಚೆನ್ನಾಗಿಯೂ ಓದುತ್ತಾರೆ ಅನ್ನುವ ಹಳೇ ವಾದವೂ ಇಲ್ಲೇ ಸಡಿಲವಾಗುತ್ತದೆ. ಆ ಶಾಲೆಗಳನ್ನು ಆರಿಸುವ ಪೋಷಕರೂ ಬೇರೆ, ಅಲ್ಲಿನ ವಾತಾವರಣವೂ ಬೇರೆ.

2012ರಲ್ಲಿ ಜೆಂಟೈಲ್ ಮತ್ತು ಇಂಬರ್‌ಮನ್ ಪ್ರಕಟಿಸಿದ ಅಧ್ಯಯನ ಇನ್ನೂ ಚೊಕ್ಕ. ಒಂದೇ ದೊಡ್ಡ ಜಿಲ್ಲೆಯಲ್ಲಿ ಬೇರೆ ಬೇರೆ ಶಾಲೆಗಳು ಬೇರೆ ಬೇರೆ ವರ್ಷ ಯೂನಿಫಾರ್ಮ್ ತಂದಿದ್ದವು. ಹಾಗಾಗಿ 'ಆ' ಶಾಲೆಗಳು ತಾವಾಗಿಯೇ ಸಿಕ್ಕವು. ಅಂಕಗಳ ಮೇಲೆ ಉಳಿಯುವಂಥ ಪರಿಣಾಮ ಹೆಚ್ಚೇನೂ ಇಲ್ಲ. ಮೇಲಿನ ತರಗತಿಗಳಲ್ಲಿ ಹಾಜರಿ ಸ್ವಲ್ಪ ಸುಧಾರಿಸಿತು. ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕರು ಬಿಟ್ಟುಹೋಗುವುದು ಗಣನೀಯವಾಗಿ ತಗ್ಗಿತು! ಈ ಕೊನೆಯದನ್ನು ಯಾವ ಚರ್ಚೆಯಲ್ಲೂ ಯಾರೂ ಎತ್ತುವುದಿಲ್ಲ. ಪರವಾಗಿ ಮಾತಾಡುವವರು ಇಟ್ಟುಕೊಳ್ಳಿ.

ಸಮಾನತೆ

ಚಿಕ್ಕದಾಗಿ ಹೇಳುತ್ತೇನೆ. ಶಾಲಾ ಸಮವಸ್ತ್ರದ ಕಥೆ ಸಾಮಾನ್ಯವಾಗಿ ಶುರುವಾಗುವುದು ಲಂಡನ್‌ನ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಿಂದ, 1552ರಲ್ಲಿ. ಬಡ ಮಕ್ಕಳಿಗೆ ದಾನವಾಗಿ ಕೊಟ್ಟ ಉದ್ದನೆಯ ನೀಲಿ ಕೋಟು ಅದು. ಅಂದರೆ ಅದನ್ನು ಹಾಕಿದವನು ಬಡವ ಅಂತ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಬಟ್ಟೆ ಒಂದೇ ಆದರೆ ಅಂತರ ಅಳಿಯುತ್ತದೆ ಅನ್ನುವ ಮಾತು ಆಮೇಲೆ ಸೇರಿಕೊಂಡದ್ದು. ಒಂದೇ ಬಟ್ಟೆಯೊಳಗೂ ಶೂ, ಗಡಿಯಾರ, ಬ್ಯಾಗು ಇದ್ದೇ ಇರುತ್ತವೆ.

ಸ್ವಾತಂತ್ರ್ಯದ ವಾದದಲ್ಲಿ ಒಂದು ಗುಂಡಿ

ವಿರೋಧಿಸುವವರು ಎತ್ತುವುದು ಟಿಂಕರ್ ಮೊಕದ್ದಮೆ. ವಿಯೆಟ್ನಾಂ ಯುದ್ಧ ವಿರೋಧಿಸಿ ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದರು, ಶಾಲೆ ಅಮಾನತು ಮಾಡಿತು. 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಮಕ್ಕಳ ಪರ ತೀರ್ಪು ಕೊಟ್ಟಿತು. ಆದರೆ ಸ್ಕರ್ಟ್ ಎಷ್ಟು ಉದ್ದ, ಬಟ್ಟೆ ಯಾವ ಬಗೆ, ಕೂದಲು ಹೇಗಿರಬೇಕು ಅನ್ನುವ ನಿಯಮಗಳ ಪ್ರಶ್ನೆ ಇದಲ್ಲ ಅಂತ ಅದೇ ತೀರ್ಪಿನಲ್ಲಿ ಬರೆದಿದ್ದಾರೆ. ಎದುರು ತಂಡ ಆ ಸಾಲು ಓದಿದ್ದರೆ ನಿಮ್ಮ ವಾದ ಮಕಾಡೆ ಬೀಳುತ್ತದೆ. ತೋಳಪಟ್ಟಿ ಒಂದು ಅಭಿಪ್ರಾಯವನ್ನು ಹೇಳುತ್ತಿತ್ತು, ದಿನದ ಅಂಗಿ ಹಾಗೆ ಹೇಳುವುದಿಲ್ಲ ಅಂತ ಅವರು ಹೇಳಿದರೆ ಉತ್ತರ ಸಿದ್ಧ ಇರಲಿ.

ನಾನು ಎಲ್ಲಿ ನಿಲ್ಲುತ್ತೇನೆ

ಕಡ್ಡಾಯಕ್ಕೆ ಶಿಸ್ತಿನ ಕಾರಣ ನಿಲ್ಲುವುದಿಲ್ಲ. ನಿಲ್ಲುವುದು ಬೆಳಗ್ಗೆ ಏನು ಹಾಕಲಿ ಅನ್ನುವ ರಗಳೆ ತಪ್ಪುತ್ತದೆ, ಖರ್ಚು ಉಳಿಯುತ್ತದೆ ಅನ್ನುವ ಸಾದಾ ಕಾರಣ. ಅದೂ ಬಟ್ಟೆ ಯಾವ ಅಂಗಡಿಯಲ್ಲಾದರೂ ಸಿಗುವಂತಿದ್ದರೆ ಮಾತ್ರ. ಲಾಂಛನ ಹೊಲಿದ ಅಂಗಿ ಒಂದೇ ಕಡೆ ಸಿಗುತ್ತದೆ ಅಂದರೆ ಉಳಿತಾಯ ಹೋಯಿತು. ಇಂಗ್ಲೆಂಡಿನಲ್ಲಿ 2021ರಲ್ಲಿ ಇದಕ್ಕೇ ಒಂದು ಕಾಯ್ದೆ ಬಂತು. ಲಾಂಛನದ ಬಟ್ಟೆಗಳನ್ನು ಕನಿಷ್ಠಕ್ಕೆ ಇಳಿಸಿ ಅಂತ ಶಾಲೆಗಳಿಗೆ ಸೂಚನೆಯೂ ಹೋಯಿತು. ಜೊತೆಗೆ ಒಪ್ಪದವರಿಗೆ ಒಂದು ಬಾಗಿಲು ಬೇಕು. ಕ್ಯಾಲಿಫೋರ್ನಿಯಾದ 1994ರ ಕಾನೂನಿನಲ್ಲಿ ಪೋಷಕರು ಮಗುವಿಗೆ ವಿನಾಯಿತಿ ಕೇಳುವ ಅವಕಾಶ ಇತ್ತು.

ಅಭ್ಯಾಸಕ್ಕೆ ಒಂದು

2024ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 135 ದೇಶಗಳ ಮಾಹಿತಿ ನೋಡಿದರು. ಹೆಚ್ಚಿನ ಶಾಲೆಗಳಲ್ಲಿ ಯೂನಿಫಾರ್ಮ್ ಇರುವ ದೇಶಗಳಲ್ಲಿ, ದಿನಕ್ಕೆ 60 ನಿಮಿಷ ಮೈಬಗ್ಗಿಸಿ ಆಡುವ ಮಕ್ಕಳ ಪ್ರಮಾಣ ಕಡಿಮೆ ಕಂಡಿತು. ಪ್ರಾಥಮಿಕ ಹಂತದಲ್ಲಿ ಹುಡುಗಿಯರು ಹುಡುಗರಿಗಿಂತ ಇನ್ನೂ ಹಿಂದೆ. ಸ್ಕರ್ಟ್ ಹಾಕಿಕೊಂಡು ಮರ ಹತ್ತಲು, ಲಾಗ ಹಾಕಲು ಮುಜುಗರ ಆಗುತ್ತದೆ ಅನ್ನುವುದು ನಂಬುವಂಥ ಕಾರಣವೇ. ವಿರೋಧಿ ತಂಡಕ್ಕೆ ಇದು ಹಬ್ಬ. ಲಾಂಗ್ ಬೀಚ್‌ಗೆ ಕೇಳಿದ ಪ್ರಶ್ನೆಯನ್ನೇ ಇದಕ್ಕೂ ಕೇಳಿ, ಆ ದೇಶಗಳ ನಡುವೆ ಬಟ್ಟೆ ಬಿಟ್ಟು ಇನ್ನೇನೇನು ಬೇರೆ ಇರಬಹುದು ಅಂತ ನಾಲ್ಕು ಸಾಲು ಬರೆಯಿರಿ. ಇದು ಕಾರಣವನ್ನು ಸಾಬೀತು ಮಾಡುವುದಿಲ್ಲ ಅಂತ ಸಂಶೋಧಕರೇ ಹೇಳಿದ್ದಾರೆ.