ತಟ್ಟೆಯಲ್ಲೇ ಇದ್ದ ಕಾರಣ: ಸೀಲಿಯಾಕ್ ಕಾಯಿಲೆಯನ್ನು ಅರಿತ ಬಗೆ

ತಾಯಿಯ ಹಾಲು ಬಿಟ್ಟು ಗಟ್ಟಿ ಆಹಾರಕ್ಕೆ ಹೊಂದಿಕೊಳ್ಳುವ ವಯಸ್ಸಿನಲ್ಲಿ, ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ ಮಗು ಇದ್ದಕ್ಕಿದ್ದಂತೆ ಸೊರಗತೊಡಗುತ್ತದೆ. ಮಲ ಬಿಳಿಚಿಕೊಂಡು, ಜಿಡ್ಡುಜಿಡ್ಡಾಗಿ, ಅಸಹನೀಯ ವಾಸನೆಯಿಂದ ಕೂಡಿರುತ್ತದೆ. ಕೈಕಾಲು ಕಡ್ಡಿಯಾಗುತ್ತವೆ, ಹೊಟ್ಟೆ ಮಾತ್ರ ಉಬ್ಬುತ್ತದೆ, ಬೆಳವಣಿಗೆ ನಿಂತುಬಿಡುತ್ತದೆ. ಸೀಲಿಯಾಕ್ ಎಂದು ಇಂದು ಕರೆಯುವ ಈ ಕಾಯಿಲೆಯ ಮಕ್ಕಳನ್ನು ಹತ್ತೊಂಬತ್ತನೆಯ ಶತಮಾನದ ವೈದ್ಯರು ಚೆನ್ನಾಗಿಯೇ ಗುರುತಿಸಬಲ್ಲವರಾಗಿದ್ದರು. ದೋಷ ಆಹಾರದಲ್ಲೇ ಇದೆ ಎಂಬುದೂ ಅವರಿಗೆ ತಿಳಿದಿತ್ತು. ಹಾಗಿದ್ದೂ ಆ ದೋಷ ಗೋಧಿಯ ಪ್ರೋಟೀನಿನಲ್ಲಿದೆ ಎಂಬುದು ಖಚಿತವಾಗಲು 1950ರ ದಶಕ ಬರಬೇಕಾಯಿತು. ಇಷ್ಟೊಂದು ಕಾಲ ಹಿಡಿದದ್ದೇಕೆ ಎಂದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಗುವಿಗೆ ಏನನ್ನು ಕೊಟ್ಟಾಗ ಚೇತರಿಸಿಕೊಂಡಿತು ಎಂಬುದನ್ನು ಎಲ್ಲರೂ ಶ್ರದ್ಧೆಯಿಂದ ಗಮನಿಸಿದರು. ಅದೇ ಹೊತ್ತಿನಲ್ಲಿ ಅದರ ತಟ್ಟೆಯಿಂದ ಏನು ಮರೆಯಾಗಿತ್ತು ಎಂಬುದರ ಕಡೆ ಬಹಳ ಕಾಲ ಯಾರ ಗಮನವೂ ಹೋಗಲಿಲ್ಲ.

ಕಾಯಿಲೆಯ ಹೆಸರು ಹಳೆಯದು. ಸುಮಾರು ಎರಡನೆಯ ಶತಮಾನದಲ್ಲಿದ್ದ ಕಪಡೋಸಿಯದ ಗ್ರೀಕ್ ವೈದ್ಯ ಅರೆಟಿಯಸ್, ತಿಂದದ್ದು ಜೀರ್ಣವಾಗದೆ ಹೊರಬರುವ ದೀರ್ಘಕಾಲದ ಭೇದಿಯೊಂದನ್ನು ವರ್ಣಿಸುವಾಗ ಹೊಟ್ಟೆ ಎಂಬ ಅರ್ಥದ 'ಕೊಯಿಲಿಯಾ' ಪದದಿಂದ ಅದಕ್ಕೆ ಹೆಸರಿಟ್ಟಿದ್ದನು. ಆತ ಕಂಡದ್ದು ಇದೇ ಕಾಯಿಲೆಯನ್ನೇ ಎಂದು ಆಣೆ ಮಾಡಿ ಹೇಳಲಾಗದು. ಹೆಸರು ಮಾತ್ರ ಉಳಿದುಕೊಂಡಿತು.

ಆಧುನಿಕ ವೈದ್ಯಶಾಸ್ತ್ರದಲ್ಲಿ ಇದರ ಸ್ಪಷ್ಟ ಚಿತ್ರಣ ಕೊಟ್ಟವರು ಲಂಡನ್ನಿನ ಸ್ಯಾಮ್ಯುಯೆಲ್ ಗೀ. ಅಲ್ಲಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ 1887ರಲ್ಲಿ ಉಪನ್ಯಾಸ ನೀಡಿದ ಅವರು, ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಇದು ಹೆಚ್ಚೆಂದೂ, ವಾಸಿಯಾಗುವುದೇ ಆದರೆ ಅದು ಪಥ್ಯದಿಂದಲೇ ಆಗಬೇಕೆಂದೂ ಹೇಳಿದರು. ಎರಡನೆಯ ಮಾತು ಇಂದಿಗೂ ಅಕ್ಷರಶಃ ನಿಜ. ಆದರೆ ಅವರು ಸೂಚಿಸಿದ ಪಥ್ಯವನ್ನು ಈಗ ಓದುವಾಗ ಮನಸ್ಸು ಕಲಕುತ್ತದೆ. ಪಿಷ್ಟ ಹೆಚ್ಚಿರುವುದರಿಂದ ಅಕ್ಕಿ, ಸಾಬಕ್ಕಿ, ಮೆಕ್ಕೆಜೋಳದ ಹಿಟ್ಟು ಕೂಡದು. ಮೊಳಕೆ ಬರಿಸಿದ ಧಾನ್ಯದ ಆಹಾರ ಮೇಲು. ತೆಳುವಾಗಿ ಕೊಯ್ದು ಎರಡೂ ಬದಿ ಚೆನ್ನಾಗಿ ಕಾಯಿಸಿದ ಬ್ರೆಡ್ ಆಗಬಹುದು. ಅಂದರೆ ಏನೂ ಕೇಡು ಮಾಡದ ಅಕ್ಕಿಗೆ ನಿಷೇಧ, ಕರುಳನ್ನು ಕೆಡಿಸುವ ಗೋಧಿಗೆ ಅನುಮತಿ. ಅದೇ ಉಪನ್ಯಾಸದಲ್ಲಿ ಇನ್ನೊಂದು ಮಗುವಿನ ಪ್ರಸಂಗ ಬರುತ್ತದೆ. ಪ್ರತಿದಿನ ಒಂದು ಲೀಟರಿಗಿಂತ ತುಸು ಹೆಚ್ಚು ಅಳತೆಯ ಹಾಲೆಂಡಿನ ಚಿಪ್ಪುಮೀನು ತಿನ್ನಿಸಿದಾಗ ಆ ಮಗು ಅದ್ಭುತವಾಗಿ ಚೇತರಿಸಿಕೊಂಡಿತು. ಚಿಪ್ಪುಮೀನಿನ ಕಾಲ ಮುಗಿದೊಡನೆ ಮತ್ತೆ ಹಾಸಿಗೆ ಹಿಡಿಯಿತು. ಮರುವರ್ಷ ಎಷ್ಟು ಪುಸಲಾಯಿಸಿದರೂ ಅದನ್ನು ಬಾಯಿಗಿಡಲು ಒಪ್ಪಲಿಲ್ಲ. ಬರೀ ಚಿಪ್ಪುಮೀನಿನಿಂದಲೇ ಹೊಟ್ಟೆ ತುಂಬುತ್ತಿದ್ದ ಆ ತಿಂಗಳುಗಳಲ್ಲಿ ಮಗುವಿನ ಹೊಟ್ಟೆಗೆ ಬ್ರೆಡ್ ಎಷ್ಟು ಸೇರುತ್ತಿತ್ತು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕ್ರಿಶ್ಚಿಯನ್ ಹರ್ಟರ್ ಮತ್ತು ಜಾನ್ ಹೌಲೆಂಡ್ ಅವರು ಕಾರ್ಬೋಹೈಡ್ರೇಟಿನ ಮೇಲೆ ಸಂಶಯಪಟ್ಟರು. ಆ ಸಂಶಯ ಅರ್ಧ ಸರಿ, ಅರ್ಧ ತಪ್ಪು. ಗೋಧಿ ಕಾರ್ಬೋಹೈಡ್ರೇಟ್ ತುಂಬಿದ ಆಹಾರವೇ ಹೌದು, ಆದರೆ ತೊಂದರೆ ಕೊಡುವ ಅಂಶ ಅದಲ್ಲ.

ಈ ಅರ್ಧಸತ್ಯದ ಅತ್ಯಂತ ಯಶಸ್ವಿ ರೂಪವೆಂದರೆ ಬಾಳೆಹಣ್ಣಿನ ಪಥ್ಯ. ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ 1924ರಲ್ಲಿ ಹತ್ತು ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಬಾಳೆಹಣ್ಣನ್ನೇ ಮುಖ್ಯ ಆಹಾರವಾಗಿ ಪಡೆದ ಎಂಟು ಮಕ್ಕಳು ಗುಣಮುಖರಾಗಿದ್ದರು. ಆ ಪಥ್ಯ ಸಿಗದ ಇಬ್ಬರು ತೀರಿಕೊಂಡಿದ್ದರು. ಬ್ರೆಡ್, ಬಿಸ್ಕತ್ತು, ಆಲೂಗಡ್ಡೆ, ಎಲ್ಲ ಬಗೆಯ ಧಾನ್ಯ ಇವೆಲ್ಲವೂ ಆ ಪಥ್ಯದಲ್ಲಿ ನಿಷಿದ್ಧವಾಗಿದ್ದವು. ಮಕ್ಕಳನ್ನು ಉಳಿಸಿದ್ದು ಆ ನಿಷೇಧ. ಹೆಸರು ಬಂದದ್ದು ಬಾಳೆಹಣ್ಣಿಗೆ. ಹಾಸ್ ಅವರ ಪಥ್ಯದಿಂದ ಅನೇಕ ಮಕ್ಕಳು ಬದುಕಿದರು ಎಂಬುದನ್ನು ಅಲ್ಲಗಳೆಯುವಂತಿಲ್ಲ, ಅಲ್ಲಗಳೆಯಲೂಬಾರದು. ಆದರೆ ಕಾರಣ ತಿಳಿಯದ ಚಿಕಿತ್ಸೆಗೆ ಒಂದು ಅಪಾಯವಿರುತ್ತದೆ: ಅದನ್ನು ಎಂದೂ ನಿಲ್ಲಿಸಬಾರದು ಎಂಬುದು ತಿಳಿಯುವುದಿಲ್ಲ. ಬಾಳೆಹಣ್ಣು ಕಾಯಿಲೆಯನ್ನು ವಾಸಿಮಾಡುತ್ತದೆ ಎಂದು ನಂಬಿದವರಿಗೆ, ವಾಸಿಯಾದ ಮಗುವಿಗೆ ಮತ್ತೆ ಬ್ರೆಡ್ ಕೊಡುವುದು ಸಹಜವಾಗಿಯೇ ಕಂಡಿತು. ಹೊರಗಿನ ಲಕ್ಷಣಗಳು ಕೆಲವೊಮ್ಮೆ ವರ್ಷಗಟ್ಟಲೆ ತಲೆ ಎತ್ತದಿದ್ದರೂ ಒಳಗೆ ಕರುಳು ಮತ್ತೆ ಸವೆಯುತ್ತಿರಬಹುದು ಎಂಬುದನ್ನು ನೋಡಬಲ್ಲ ಸಾಧನ ಆಗ ಇರಲಿಲ್ಲ.

ನಿಜವಾದ ತಿರುವು ಬಂದದ್ದು ನೆದರ್ಲೆಂಡ್ಸಿನ ಹೇಗ್ ನಗರದ ಯೂಲಿಯಾನಾ ಮಕ್ಕಳ ಆಸ್ಪತ್ರೆಯಿಂದ. ಅಲ್ಲಿ ವಿಲ್ಲೆಮ್ ಕಾರೆಲ್ ಡಿಕೆ ಎಂಬ ಯುವ ವೈದ್ಯರು 1930ರ ದಶಕದಿಂದಲೇ ಈ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಬ್ರೆಡ್ ಬಿಡಿಸಿದಾಗಲೆಲ್ಲ ತನ್ನ ಮಗುವಿನ ಮೈಮೇಲಿನ ಗುಳ್ಳೆಗಳು ಬೇಗ ಇಳಿಯುತ್ತವೆ ಎಂದು ತಾಯಿಯೊಬ್ಬಳು ಅವರಿಗೆ ಹೇಳಿದ್ದಳೆಂದು ಅವರ ಸಹೋದ್ಯೋಗಿಗಳು ಮುಂದೆ ನೆನಪಿಸಿಕೊಂಡಿದ್ದಾರೆ. ಆ ಮಾತನ್ನು ಡಿಕೆ ತಳ್ಳಿಹಾಕಲಿಲ್ಲ. ಗೋಧಿಯಿಲ್ಲದ ಸರಳ ಪಥ್ಯವೊಂದರ ಬಗ್ಗೆ ಅವರು 1941ರಲ್ಲೇ ಡಚ್ ಭಾಷೆಯಲ್ಲಿ ಲೇಖನ ಬರೆದರು. ಈ ಇಸವಿಯನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ 1944-45ರ ಚಳಿಗಾಲದಲ್ಲಿ ಜರ್ಮನ್ ಆಕ್ರಮಣದಡಿಯಿದ್ದ ಆ ದೇಶದ ಪಶ್ಚಿಮ ಭಾಗ ಭೀಕರ ಕ್ಷಾಮಕ್ಕೆ ಸಿಲುಕಿ, ಊರೆಲ್ಲ ಬ್ರೆಡ್ ಇಲ್ಲದೆ ಬಳಲುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿಕೊಂಡರು, ಅದರಿಂದ ಡಿಕೆಗೆ ಸತ್ಯ ಹೊಳೆಯಿತು ಎಂಬ ಕಥೆಯೇ ಹೆಚ್ಚು ಪ್ರಚಾರದಲ್ಲಿದೆ. ಕ್ಷಾಮದ ಅನುಭವ ಅವರ ನಂಬಿಕೆಯನ್ನು ಬಲಪಡಿಸಿತು, ನಿಜ. ಆದರೆ ಸಂಶಯದ ಬೀಜ ಮೊಳೆತದ್ದು ಅದಕ್ಕೂ ಮೊದಲು, ವಾರ್ಡಿನಲ್ಲಿ ತಾಳ್ಮೆಯಿಂದ ನೋಡಿದ್ದರಿಂದ ಮತ್ತು ಹೆತ್ತವರ ಮಾತಿಗೆ ಕಿವಿಗೊಟ್ಟಿದ್ದರಿಂದ. ಮಿಂಚಿನಂತೆ ಹೊಳೆದ ಶೋಧದ ಕಥೆಗಿಂತ ಈ ನಿಧಾನದ ಕಥೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ನಂಬಿಕೆ ಬೇರೆ, ಪುರಾವೆ ಬೇರೆ. ಪುರಾವೆಗೆ ಬೇಕಾದ ಅಳತೆಗೋಲನ್ನು ಒದಗಿಸಿದವರು ವೈದ್ಯರಲ್ಲ, ಆಹಾರ ಸಂಶೋಧನೆಯಲ್ಲಿ ತೊಡಗಿದ್ದ ರಸಾಯನಶಾಸ್ತ್ರಜ್ಞ ಯಾನ್ ಹೆಂಡ್ರಿಕ್ ವಾನ್ ಡೆ ಕಾಮರ್. ಮಲದಲ್ಲಿರುವ ಕೊಬ್ಬನ್ನು ನಿಖರವಾಗಿ ಅಳೆಯುವ ವಿಧಾನವೊಂದನ್ನು ಅವರ ತಂಡ 1949ರಲ್ಲಿ ಪ್ರಕಟಿಸಿತು. ತಿಂದ ಕೊಬ್ಬಿನಲ್ಲಿ ಎಷ್ಟು ಪಾಲು ಕರುಳಿಗೆ ಹೀರಿಕೆಯಾಗದೆ ಹೊರಬಿತ್ತು ಎಂಬುದನ್ನು ಅಂಕಿಗಳಲ್ಲಿ ಹೇಳುವುದು ಈಗ ಸಾಧ್ಯವಾಯಿತು. ಡಿಕೆ, ವಾನ್ ಡೆ ಕಾಮರ್ ಮತ್ತು ಉಟ್ರೆಕ್ಟಿನ ಮಕ್ಕಳ ವೈದ್ಯ ಹೆಂಡ್ರಿಕ್ ವೇಯರ್ಸ್ ಕೂಡಿ ಮಕ್ಕಳ ಆಹಾರವನ್ನು ಒಂದೇ ಸಮನಾಗಿಟ್ಟು ಧಾನ್ಯವನ್ನಷ್ಟೇ ಬದಲಿಸುತ್ತ ನೋಡಿದರು. ಅಕ್ಕಿ, ಮೆಕ್ಕೆಜೋಳ, ಆಲೂಗಡ್ಡೆ ಕೊಟ್ಟಾಗ ಮಲದ ಕೊಬ್ಬು ಏರಲಿಲ್ಲ. ಗೋಧಿ ಅಥವಾ ಅದರ ಹತ್ತಿರದ ಧಾನ್ಯವಾದ ರೈ ಕೊಟ್ಟಾಗ ಏರಿತು, ಅದೂ ತಕ್ಷಣವಲ್ಲ, ಕೆಲವು ದಿನಗಳು ಕಳೆದ ಮೇಲೆ. ತಿಂದದ್ದಕ್ಕೂ ಕೆಟ್ಟದ್ದಕ್ಕೂ ನಡುವೆ ಇದ್ದ ಈ ಅಂತರವೇ ಹಿಂದಿನ ವೈದ್ಯರನ್ನು ದಾರಿ ತಪ್ಪಿಸಿದ್ದಿರಬೇಕು. ಡಿಕೆಯವರು 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಈ ವಿವರಗಳಿವೆ.

ಗೋಧಿಯಲ್ಲಿ ಯಾವ ಅಂಶ ಎಂಬ ಮುಂದಿನ ಪ್ರಶ್ನೆಗೆ ಆಹಾರವಿಜ್ಞಾನದ ಬಹಳ ಹಳೆಯ ಪ್ರಯೋಗವೊಂದು ನೆರವಿಗೆ ಬಂತು. ಗೋಧಿ ಹಿಟ್ಟನ್ನು ನಾದಿ ಕಣಕ ಮಾಡಿ ನೀರಿನಲ್ಲಿ ಹಿಸುಕುತ್ತ ಹೋದರೆ ಬೆಳ್ಳಗಿನ ಪಿಷ್ಟ ತೊಳೆದುಹೋಗಿ, ರಬ್ಬರಿನಂತೆ ಎಳೆಯಬಹುದಾದ ಅಂಟುಮುದ್ದೆ ಕೈಯಲ್ಲಿ ಉಳಿಯುತ್ತದೆ. ಇಟಲಿಯ ಬೊಲೊನ್ಯಾದ ಯಾಕೊಪೊ ಬೆಕ್ಕಾರಿ ಹದಿನೆಂಟನೆಯ ಶತಮಾನದಲ್ಲೇ ಇದನ್ನು ಮಾಡಿ ತೋರಿಸಿದ್ದರು. ಆ ಮುದ್ದೆಯೇ ಗ್ಲುಟೆನ್. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನ ಷಾರ್ಲಟ್ ಆಂಡರ್ಸನ್ ಮತ್ತು ಸಂಗಡಿಗರು ಪಿಷ್ಟವನ್ನೂ ಗ್ಲುಟೆನ್ನನ್ನೂ ಬೇರೆಬೇರೆಯಾಗಿ ಮಕ್ಕಳಿಗೆ ಕೊಟ್ಟು ನೋಡಿ, ಕೇಡಿನ ಮೂಲ ಗ್ಲುಟೆನ್ನೇ ಎಂದು 1952ರಲ್ಲಿ ವರದಿ ಮಾಡಿದರು. ಮರುವರ್ಷ ಡಚ್ ತಂಡ, ಗ್ಲುಟೆನ್ನಿನಲ್ಲಿ ಮದ್ಯಸಾರದಲ್ಲಿ ಕರಗುವ ಗ್ಲಯಾಡಿನ್ ಎಂಬ ಭಾಗದತ್ತ ಬೆರಳು ತೋರಿತು. ದಶಕಗಳ ಕಾಲ ಪಿಷ್ಟದ ಮೇಲಿದ್ದ ಆರೋಪ ಹೀಗೆ ಬಿದ್ದುಹೋಯಿತು.

ಕರುಳಿನಲ್ಲಿ ಆಗುವ ಹಾನಿ ಎಂಥದ್ದು ಎಂಬುದು ಇನ್ನೂ ಕತ್ತಲಲ್ಲೇ ಇತ್ತು. ಮರಣಾನಂತರ ಕರುಳಿನ ಒಳಪದರ ಬಹುಬೇಗ ಕೊಳೆಯುವುದರಿಂದ ಶವಪರೀಕ್ಷೆಯಲ್ಲಿ ಕಂಡ ಬದಲಾವಣೆಗಳನ್ನು ಯಾರೂ ನಂಬುತ್ತಿರಲಿಲ್ಲ. ಇಂಗ್ಲೆಂಡಿನ ಪಾಲಿ ಎಂಬ ವೈದ್ಯರು 1954ರಲ್ಲಿ, ಬದುಕಿರುವ ರೋಗಿಗಳಿಂದ ಶಸ್ತ್ರಚಿಕಿತ್ಸೆಯ ವೇಳೆ ತೆಗೆದ ತುಣುಕುಗಳಲ್ಲಿ ಸಣ್ಣ ಕರುಳಿನ ಗೋಡೆಯ ಮೇಲಿರುವ ಬೆರಳಿನಾಕಾರದ ಸೂಕ್ಷ್ಮ ಎಳೆಗಳು, ಅಂದರೆ ವಿಲ್ಲಸ್‌ಗಳು, ಸವೆದುಹೋಗಿರುವುದನ್ನು ತೋರಿಸಿದರು. ಆಹಾರದ ಸಾರವನ್ನು ಹೀರುವುದು ಈ ಎಳೆಗಳೇ. ಅವು ಸವೆದರೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಬಾಯಿಯ ಮೂಲಕ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರನ್ನು ತೆಗೆಯುವ ಸಾಧನವನ್ನು ಮಾರ್ಗೋ ಶೈನರ್ 1956ರಲ್ಲಿಯೂ, ನುಂಗಬಹುದಾದ ಪುಟ್ಟ ಕ್ಯಾಪ್ಸೂಲನ್ನು ಅಮೆರಿಕದ ಕ್ರಾಸ್ಬಿ ಮತ್ತು ಕುಗ್ಲರ್ 1957ರಲ್ಲಿಯೂ ಪರಿಚಯಿಸಿದ ಮೇಲೆ ಹೊಟ್ಟೆ ಕೊಯ್ಯದೆಯೇ ಬಯಾಪ್ಸಿ ಸಾಧ್ಯವಾಯಿತು. ಮಕ್ಕಳ ಸೀಲಿಯಾಕ್ ಮತ್ತು ದೊಡ್ಡವರಲ್ಲಿ ಕಾಣುತ್ತಿದ್ದ, ಬೇರೆ ಹೆಸರಿನ ದೀರ್ಘ ಭೇದಿ ಎರಡೂ ಒಂದೇ ಕಾಯಿಲೆ ಎಂಬುದು ಗೊತ್ತಾದದ್ದು ಈ ಚೂರುಗಳಿಂದಲೇ.

ಹಾಗಾದರೆ ಜಗತ್ತಿನ ಬಹುಪಾಲು ಜನ ನೆಮ್ಮದಿಯಿಂದ ಉಣ್ಣುವ ಪ್ರೋಟೀನು ಕೆಲವರಿಗಷ್ಟೇ ಏಕೆ ಒಗ್ಗದು? ಗ್ಲಯಾಡಿನ್‌ನಲ್ಲಿ ಪ್ರೋಲಿನ್ ಮತ್ತು ಗ್ಲುಟಮಿನ್ ಎಂಬ ಅಮೈನೋ ಆಮ್ಲಗಳು ಬಹಳವಾಗಿರುವುದರಿಂದ ನಮ್ಮ ಜೀರ್ಣಕಿಣ್ವಗಳು ಅದನ್ನು ಪೂರ್ತಿ ತುಂಡರಿಸಲಾರವು. 33 ಅಮೈನೋ ಆಮ್ಲಗಳ ಅಂಥ ಒಂದು ಗಟ್ಟಿ ತುಣುಕನ್ನು 2002ರಲ್ಲಿ ಗುರುತಿಸಲಾಯಿತು. ಇದು ಎಲ್ಲರ ಕರುಳಿನಲ್ಲೂ ನಡೆಯುವ ಸಂಗತಿ. ಮುಂದಿನ ಹೆಜ್ಜೆಯಲ್ಲಿ, ಅಂಗಾಂಶಗಳ ದುರಸ್ತಿಯಲ್ಲಿ ತೊಡಗುವ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ನಮ್ಮದೇ ಕಿಣ್ವ ಆ ತುಣುಕಿನ ಗ್ಲುಟಮಿನ್ನನ್ನು ಗ್ಲುಟಾಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಮಾರ್ಪಟ್ಟ ತುಣುಕು, ಇಂಥ ತುಣುಕುಗಳನ್ನು ರೋಗನಿರೋಧಕ ಕೋಶಗಳಿಗೆ ಎತ್ತಿ ತೋರಿಸುವ ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಅಣುಗಳ ಹಿಡಿಗೆ ಬಿಗಿಯಾಗಿ ಕೂರುತ್ತದೆ. ವಂಶವಾಹಿಗಳ ಮೂಲಕ ಈ ಅಣುಗಳನ್ನು ಪಡೆದವರಲ್ಲಿ ಕೆಲವರ ರೋಗನಿರೋಧಕ ಕೋಶಗಳು ಆ ತುಣುಕನ್ನು ಶತ್ರುವೆಂದು ಬಗೆದು ಕರುಳಿನ ಮೇಲೆಯೇ ದಾಳಿ ಮಾಡುತ್ತವೆ. ಹೀಗಾಗಿ ಇದು ಅಲರ್ಜಿಯಲ್ಲ, ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆ. ಆ ದಾಳಿಯಲ್ಲಿ ಹುಟ್ಟುವ ಪ್ರತಿಕಾಯಗಳು ಟ್ರಾನ್ಸ್‌ಗ್ಲುಟಮಿನೇಸನ್ನೇ ಗುರಿಯಾಗಿಸುತ್ತವೆ ಎಂದು ಜರ್ಮನಿಯ ಡೀಟ್ರಿಚ್, ಷುಪ್ಪಾನ್ ಮತ್ತಿತರರು 1997ರಲ್ಲಿ ಕಂಡುಕೊಂಡರು. ಇಂದಿನ ರಕ್ತಪರೀಕ್ಷೆ ನಿಂತಿರುವುದು ಆ ಶೋಧದ ಮೇಲೆ. ಡಿಕ್ಯೂ2 ಅಥವಾ ಡಿಕ್ಯೂ8 ಉಳ್ಳವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ರಕ್ತಪರೀಕ್ಷೆ ಸುಲಭವಾದಂತೆ ಕಾಯಿಲೆಯ ಚಿತ್ರವೇ ಬದಲಾಯಿತು. ಅಪರೂಪವೆಂದುಕೊಂಡಿದ್ದ ಸೀಲಿಯಾಕ್ ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ಶೇ. 1ರಷ್ಟು ಮಂದಿಯಲ್ಲಿದೆ ಎಂದು ಈಗ ಅಂದಾಜಿಸಲಾಗಿದೆ. ಅವರಲ್ಲಿ ಅನೇಕರಿಗೆ ಭೇದಿಯೇ ಇರುವುದಿಲ್ಲ. ಕಬ್ಬಿಣದ ಮಾತ್ರೆಗೆ ಜಗ್ಗದ ರಕ್ತಹೀನತೆ, ಮೂಳೆ ಸವೆತ ಅಥವಾ ತುರಿಕೆಯ ಗುಳ್ಳೆಗಳಷ್ಟೇ ಕಾಣಿಸಬಹುದು. ಗೋಧಿ ತಿಂದರೆ ಹೊಟ್ಟೆಯುಬ್ಬರ ಎನ್ನುವವರೆಲ್ಲ ಸೀಲಿಯಾಕ್ ರೋಗಿಗಳೂ ಅಲ್ಲ. ಅಂಥ 59 ಮಂದಿಯ ಮೇಲೆ ನಾರ್ವೆಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗ್ಲುಟೆನ್‌ಗಿಂತ ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಕಾರ್ಬೋಹೈಡ್ರೇಟೇ ಹೆಚ್ಚು ತೊಂದರೆ ಕೊಟ್ಟಿತು. ಆದ್ದರಿಂದ ಪರೀಕ್ಷೆ ಮಾಡಿಸುವ ಮೊದಲೇ ಗೋಧಿ ಬಿಡುವುದು ಸರಿಯಲ್ಲ. ಗ್ಲುಟೆನ್ ಬಿಟ್ಟ ಮೇಲೆ ಪ್ರತಿಕಾಯಗಳು ಇಳಿದು, ನಿಜವಾದ ಕಾಯಿಲೆಯೂ ಪರೀಕ್ಷೆಯ ಕಣ್ಣಿಗೆ ಬೀಳದೆ ಹೋಗಬಹುದು.

ಬಿಡುವುದೆಂದರೆ ಎಷ್ಟರಮಟ್ಟಿಗೆ ಎಂಬುದೂ ಸಂಶೋಧನೆಯ ವಿಷಯವೇ ಆಯಿತು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಸೇರಿದರೆ ಸಾಕು, ಕರುಳಿಗೆ ಹಾನಿ ಎಂದು ಇಟಲಿಯ ಅಧ್ಯಯನವೊಂದು 2007ರಲ್ಲಿ ತೋರಿಸಿತು. ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ 2008ರಲ್ಲಿ, ಕಿಲೋಗೆ 20 ಮಿಲಿಗ್ರಾಂ ಮೀರದ ಆಹಾರವನ್ನಷ್ಟೇ ಗ್ಲುಟೆನ್‌ರಹಿತ ಎನ್ನಬಹುದೆಂದು ನಿಗದಿಪಡಿಸಿತು. ಇತ್ತ ಬ್ರೆಡ್ಡಿಗೆ ಉಬ್ಬನ್ನೂ ಹಿಡಿತವನ್ನೂ ಕೊಡುವ ಗ್ಲುಟೆನ್ ಇಲ್ಲದೆ ಬ್ರೆಡ್ ಮಾಡುವುದು ಆಹಾರ ತಂತ್ರಜ್ಞರಿಗೆ ಸವಾಲಾಯಿತು. ಇಸಬಗೋಲಿನ ಹೊಟ್ಟು, ಝಾಂಥನ್ ಗೋಂದು ಮೊದಲಾದವು ಅನಿಲದ ಗುಳ್ಳೆಗಳನ್ನು ಹಿಡಿದಿಡುವ ಕೆಲಸವನ್ನು ಒಂದಿಷ್ಟು ಮಾಡುತ್ತವೆ, ಗ್ಲುಟೆನ್‌ನಷ್ಟು ಚೆನ್ನಾಗಿ ಅಲ್ಲ.

ಔಷಧದ ಹುಡುಕಾಟವೂ ನಡೆದಿದೆ. ಟ್ರಾನ್ಸ್‌ಗ್ಲುಟಮಿನೇಸನ್ನು ತಡೆಯುವ ಝೆಡ್‌ಇಡಿ1227 ಎಂಬ ಮಾತ್ರೆಯ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಪಥ್ಯದಲ್ಲಿದ್ದು ಚೇತರಿಸಿಕೊಂಡಿದ್ದ ರೋಗಿಗಳು ಆರು ವಾರ ಪ್ರತಿದಿನ 3 ಗ್ರಾಂ ಗ್ಲುಟೆನ್ ತಿಂದರು. ಮಾತ್ರೆ ನುಂಗಿದವರ ಕರುಳಿನ ಎಳೆಗಳಿಗೆ ಆದ ಹಾನಿ, ಹುಸಿಮಾತ್ರೆ ನುಂಗಿದವರಿಗೆ ಆದದ್ದಕ್ಕಿಂತ ಕಡಿಮೆಯಿತ್ತು. ಇಂಥ ಮಾತ್ರೆ ಬಳಕೆಗೆ ಬಂದರೂ ಪಥ್ಯದ ಜಾಗವನ್ನು ತುಂಬುತ್ತದೆಂದು ಹೇಳುವಷ್ಟು ಆಧಾರ ಈ ಫಲಿತಾಂಶದಲ್ಲಿಲ್ಲ. ಅರಿವಿಲ್ಲದೆ ಊಟದಲ್ಲಿ ಸೇರಿಹೋಗುವ ಗೋಧಿಯ ಚೂರಿನಿಂದ ಕರುಳನ್ನು ಕಾಯಬಹುದು ಎಂಬುದು ಸದ್ಯದ ನಿರೀಕ್ಷೆ.