ಸೋತವನಿಗೆ ಮತ್ತೆ ತೆರೆಯುವ ಬಾಗಿಲು: ಯೋಗೇಶ್ವರ್ ದತ್ ಅವರ ಕುಸ್ತಿ ಬದುಕು

ಕುಸ್ತಿ ಕಲಿಯಲು ಬರುವ ಹುಡುಗರ ತಂದೆಯರು ತರಬೇತುದಾರನಾದ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಪ್ರಿಕ್ವಾರ್ಟರ್‌ಫೈನಲ್‌ನಲ್ಲೇ ಸೋತಿದ್ದ ಯೋಗೇಶ್ವರ್ ದತ್ ಅವರಿಗೆ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಹೇಗೆ ಬಂತು, ಅದು ಅದೃಷ್ಟದ ಪದಕವಲ್ಲವೇ ಎಂಬುದು ಆ ಪ್ರಶ್ನೆ. ಗರಡಿಯ ಮಣ್ಣಿನಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಅಲ್ಲಿಗೆ ಕುಸ್ತಿ ಮುಗಿಯಿತು. ಆ ಲೆಕ್ಕದಲ್ಲಿ ಬೆಳೆದವರಿಗೆ, ಸೋತ ಕೆಲವರಿಗೆ ಕಂಚಿಗಾಗಿ ಮತ್ತೊಂದು ಅವಕಾಶ ಕೊಡುವ ರೆಪೆಚೇಜ್ ಪದ್ಧತಿ ದಾನದಂತೆ ಕಾಣುವುದು ಸಹಜ. ಆದರೆ ಹರಿಯಾಣದ ಸೋನಿಪತ್ ಜಿಲ್ಲೆಯ ಭೈಂಸ್‌ವಾಲ್ ಕಲಾಂ ಗ್ರಾಮದ ಈ ಕುಸ್ತಿಪಟುವಿನ ನಾಲ್ಕು ಒಲಿಂಪಿಕ್ಸ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಆ ಬಾಗಿಲು ಅವರಿಗೆ ತೆರೆದದ್ದು ಒಮ್ಮೆ ಮಾತ್ರ ಎಂಬುದು ತಿಳಿಯುತ್ತದೆ.

ನಿಯಮ ಸರಳವಾಗಿಯೇ ಇದೆ. ಫೈನಲ್ ತಲುಪಿದ ಇಬ್ಬರಿಗೆ ಹಿಂದಿನ ಸುತ್ತುಗಳಲ್ಲಿ ಸೋತವರನ್ನು ಮಾತ್ರ ಮತ್ತೆ ಅಖಾಡಕ್ಕೆ ಕರೆಯಲಾಗುತ್ತದೆ. ಮೊದಲು ಸೋತವನು ಅದರ ಮುಂದಿನ ಸುತ್ತಿನಲ್ಲಿ ಸೋತವನೊಡನೆ ಸೆಣಸಬೇಕು, ಗೆದ್ದವನು ಮೇಲೇರಬೇಕು. ಕೊನೆಗೆ ಕಂಚಿನ ಪಂದ್ಯದಲ್ಲಿ ಸೆಮಿಫೈನಲ್‌ನಲ್ಲಿ ಸೋತವನು ಎದುರಾಗುತ್ತಾನೆ. ಅಂದರೆ ನೀವು ಎಷ್ಟು ಚೆನ್ನಾಗಿ ಆಡಿ ಸೋತಿರಿ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಯಾರಿಗೆ ಸೋತಿರಿ ಎಂಬುದಷ್ಟೇ ಮುಖ್ಯ. ಬೇಗ ಸೋತವನು ಹೆಚ್ಚು ಮೆಟ್ಟಿಲು ಹತ್ತಬೇಕಾಗುವುದರಿಂದ ಇದನ್ನು ದಾನವೆಂದು ಕರೆಯಲು ನನಗೆ ಮನಸ್ಸು ಬಾರದು.

2004ರ ಅಥೆನ್ಸ್‌ನಲ್ಲಿ ಯೋಗೇಶ್ವರ್ 55 ಕೆಜಿ ವಿಭಾಗದಲ್ಲಿ ಇಳಿದಾಗ ಈ ಪದ್ಧತಿಯೇ ಇರಲಿಲ್ಲ. ಗುಂಪು ಹಂತದಲ್ಲಿ ಮೊದಲಿಗನಾದವನಿಗಷ್ಟೇ ಮುಂದಿನ ದಾರಿ, ಅವರು ಅಲ್ಲಿಂದಲೇ ಹೊರಬಿದ್ದರು. 2008ರ ಬೀಜಿಂಗ್‌ನಲ್ಲಿ 60 ಕೆಜಿ ವಿಭಾಗದ ಕ್ವಾರ್ಟರ್‌ಫೈನಲ್‌ವರೆಗೆ ಬಂದು ಜಪಾನಿನ ಕೆನಿಚಿ ಯುಮೊಟೊಗೆ ಸೋತರು. ಯುಮೊಟೊ ಫೈನಲ್ ತಲುಪಲಿಲ್ಲ, ಆದ್ದರಿಂದ ಯೋಗೇಶ್ವರ್‌ಗೆ ಕರೆ ಬರಲಿಲ್ಲ. ಲಂಡನ್‌ನಲ್ಲಿ, 2012ರ ಆಗಸ್ಟ್ 11ರಂದು, ಅವರನ್ನು ಸೋಲಿಸಿದ ರಷ್ಯಾದ ಬೆಸಿಕ್ ಕುದುಖೋವ್ ಫೈನಲ್‌ಗೆ ಹೋದರು, ಬಾಗಿಲು ತೆರೆಯಿತು.

ತೆರೆದ ಬಾಗಿಲಿನಾಚೆ ಇದ್ದದ್ದು ಮೂರು ಪಂದ್ಯಗಳು, ಅವುಗಳ ನಡುವೆ ಸಿಕ್ಕ ವಿರಾಮವೋ ಅತ್ಯಲ್ಪ. ಪೋರ್ಟೊರಿಕೊದ ಫ್ರಾಂಕ್ಲಿನ್ ಗೋಮೆಜ್, ಇರಾನಿನ ಮಸೂದ್ ಇಸ್ಮಾಯಿಲ್‌ಪುರ್, ಅನಂತರ ಕಂಚಿಗಾಗಿ ಉತ್ತರ ಕೊರಿಯಾದ ರಿ ಜೋಂಗ್ ಮ್ಯೋಂಗ್. ಆ ಹೊತ್ತಿಗೆ ಯೋಗೇಶ್ವರ್ ಅವರ ಒಂದು ಕಣ್ಣು ಊದಿಕೊಂಡು ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಆಗಿನ ನಿಯಮದಂತೆ ಪಂದ್ಯವು ಎರಡೆರಡು ನಿಮಿಷದ ಮೂರು ಅವಧಿಗಳದ್ದಾಗಿತ್ತು, ಎರಡು ಅವಧಿ ಗೆದ್ದವನೇ ವಿಜೇತ. ಮೊದಲ ಅವಧಿ 0-1ರಿಂದ ಕೈತಪ್ಪಿತು, ಎರಡನೆಯದು 1-0ರಿಂದ ಬಂತು. ಮೂರನೆಯ ಅವಧಿಯಲ್ಲಿ ನಡೆದದ್ದನ್ನು ನಾನು ಶಿಷ್ಯರಿಗೆ ಇಂದಿಗೂ ನಿಧಾನಗತಿಯಲ್ಲಿ ತೋರಿಸುತ್ತೇನೆ.

ಉತ್ತರ ಭಾರತದ ಪೈಲ್ವಾನರು ಆ ಪಟ್ಟನ್ನು ಫಿತ್ಲೆ ಎನ್ನುತ್ತಾರೆ. ಎದುರಾಳಿ ಬೋರಲಾಗಿ ಬಿದ್ದೊಡನೆ ಅವನ ಎರಡು ಕಣಕಾಲುಗಳನ್ನು ಒಂದರ ಮೇಲೊಂದು ಅಡ್ಡ ಹಾಕಿ, ತೋಳಿನಿಂದ ಬಿಗಿದು ಎದೆಗೆ ಅವಚಿಕೊಂಡು, ತಾನೂ ಪಕ್ಕಕ್ಕೆ ಉರುಳಬೇಕು. ಕಾಲು ಕಟ್ಟಿಹೋದ ಮೇಲೆ ಸೊಂಟ ತಿರುಗುತ್ತದೆ, ಸೊಂಟದ ಹಿಂದೆ ಬೆನ್ನು ಮ್ಯಾಟಿನ ಕಡೆಗೆ ವಾಲಲೇಬೇಕು. ಬೆನ್ನು ಹಾಗೆ ವಾಲಿದ ಪ್ರತಿ ಸಲವೂ ಅಂಕ. ಹಿಡಿತ ಬಿಡದೆ ಉರುಳುತ್ತಲೇ ಹೋಗಬಹುದಾದ್ದರಿಂದ ಅಂಕಗಳು ಒಂದರ ಬೆನ್ನಿಗೊಂದು ಬೀಳುತ್ತವೆ. ನೋಡುವವರಿಗೆ ಇದು ತೋಳಿನ ಬಲದ ಆಟದಂತೆ ಕಂಡರೂ ನಿಜವಾದ ಕೌಶಲ ಇರುವುದು ಮೊದಲ ಅರೆಕ್ಷಣದಲ್ಲಿ, ಎದುರಾಳಿ ಕಾಲುಗಳನ್ನು ಅಗಲಿಸಿಕೊಳ್ಳುವ ಮೊದಲೇ ಕಣಕಾಲುಗಳನ್ನು ಜೋಡಿಸುವುದರಲ್ಲಿ. ಅಗಲಿಸಿದ ಕಾಲಿಗೆ ಫಿತ್ಲೆ ಹಾಕಲು ಒದ್ದಾಡುವ ಹುಡುಗರನ್ನು ನಾನು ದಿನವೂ ನೋಡುತ್ತೇನೆ. ಅವರಿಗೆ ಸುಸ್ತಾಗುತ್ತದೆಯೇ ಹೊರತು ಅಂಕ ಬರುವುದಿಲ್ಲ. ಕೊರಿಯಾದ ಎದುರಾಳಿ ಕೆಳಗೆ ಬಿದ್ದದ್ದೇ ತಡ, ಯೋಗೇಶ್ವರ್ ಆ ಅರೆಕ್ಷಣವನ್ನು ಹಿಡಿದರು. ಆಗ ಒಂದು ಅವಧಿಯಲ್ಲಿ ಆರು ಅಂಕಗಳ ಅಂತರ ಬಂದರೆ ಆ ಅವಧಿ ಅಲ್ಲಿಗೇ ಮುಗಿಯುತ್ತಿತ್ತು. ಅದು 6-0ಕ್ಕೆ ಮುಗಿಯಿತು.

ಆ ಕಂಚಿಗಿಂತ ಅದರ ನಂತರದ ಎರಡು ವರ್ಷಗಳನ್ನೇ ನಾನು ದೊಡ್ಡ ಸಾಧನೆ ಎಂದು ಎಣಿಸುತ್ತೇನೆ. 2013ರಲ್ಲಿ ಅವಧಿಗಳ ಪದ್ಧತಿ ಹೋಗಿ, ಮೂರು ಮೂರು ನಿಮಿಷದ ಎರಡು ಭಾಗಗಳ ಒಟ್ಟು ಅಂಕದ ಲೆಕ್ಕ ಬಂತು. ಅದೇ ವರ್ಷಾಂತ್ಯಕ್ಕೆ ಅಂತರರಾಷ್ಟ್ರೀಯ ಒಕ್ಕೂಟವು ತೂಕ ವಿಭಾಗಗಳನ್ನೂ ಬದಲಿಸಿತು. 60 ಕೆಜಿ ಎಂಬುದೇ ಅಳಿದುಹೋಗಿ, ಒಲಿಂಪಿಕ್ಸ್ ಆಸೆಯುಳ್ಳವರಿಗೆ 57 ಅಥವಾ 65 ಎಂಬ ಎರಡೇ ದಾರಿಗಳು ಉಳಿದವು. ಮೂವತ್ತು ದಾಟಿದ, ಮೊಣಕಾಲಿನ ಗಾಯಗಳನ್ನು ಅನುಭವಿಸಿದ್ದ ದೇಹಕ್ಕೆ ಮೇಲಿನ ವಿಭಾಗವೆಂದರೆ, ಹುಟ್ಟಿನಿಂದಲೇ ದೊಡ್ಡ ಮೈಕಟ್ಟಿನವರೊಡನೆ ಸೆಣಸುವುದು. ಆದರೂ 2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್‌ನಲ್ಲಿ ಕೆನಡಾದ ಜೆವೊನ್ ಬಾಲ್ಫೋರ್ ಅವರನ್ನು ಎರಡು ನಿಮಿಷದೊಳಗೆ 10-0ರಿಂದ ಮುಗಿಸಿದರು. ಅದೇ ವರ್ಷ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಚಿನ್ನವೂ ಬಂತು. 1986ರಲ್ಲಿ ಕರ್ತಾರ್ ಸಿಂಗ್ ಗೆದ್ದ ಮೇಲೆ ಏಷ್ಯನ್ ಕ್ರೀಡಾಕೂಟದ ಕುಸ್ತಿಯಲ್ಲಿ ಭಾರತಕ್ಕೆ ಚಿನ್ನ ಬಂದದ್ದು 28 ವರ್ಷಗಳ ನಂತರ. ಎಂಟು ವರ್ಷ ಮೊದಲು, 2006ರ ದೋಹಾ ಕೂಟದಲ್ಲಿ, ತಂದೆ ತೀರಿಕೊಂಡ ಕೆಲವೇ ದಿನಗಳಲ್ಲಿ ಅಖಾಡಕ್ಕಿಳಿದು ಅವರು ಕಂಚು ಗೆದ್ದಿದ್ದರು.

2016ರ ಆಗಸ್ಟ್ 21ರಂದು, ರಿಯೊ ಒಲಿಂಪಿಕ್ಸ್‌ನ ಕೊನೆಯ ದಿನ, ಮಂಗೋಲಿಯಾದ ಗಂಜೋರಿಗಿನ್ ಮಂದಖನಾರನ್ ಅವರಿಗೆ ಯೋಗೇಶ್ವರ್ ಮೊದಲ ಪಂದ್ಯದಲ್ಲೇ 0-3ರಿಂದ ಸೋತರು. ಮೊದಲಿನ ಚುರುಕು ಅಂದು ಕಾಲುಗಳಲ್ಲಿ ಕಾಣಲಿಲ್ಲ. ಮಂದಖನಾರನ್ ಫೈನಲ್ ತಲುಪದ ಕಾರಣ ರೆಪೆಚೇಜ್ ಕರೆಯೂ ಬರಲಿಲ್ಲ.

ಅದಾಗಿ ಕೆಲವೇ ದಿನಗಳಲ್ಲಿ ಲಂಡನ್‌ನ ಸುದ್ದಿ ಮತ್ತೆ ಬಂತು. ಅಲ್ಲಿ ಬೆಳ್ಳಿ ಗೆದ್ದಿದ್ದ ಕುದುಖೋವ್ ಅವರ ಹಳೆಯ ಮಾದರಿಯ ಮರುಪರೀಕ್ಷೆಯಲ್ಲಿ ಉದ್ದೀಪನ ಮದ್ದಿನ ಅಂಶ ಕಂಡುಬಂದಿದೆ, ಯೋಗೇಶ್ವರ್ ಅವರ ಕಂಚು ಬೆಳ್ಳಿಯಾಗಬಹುದು ಎಂಬ ಸುದ್ದಿ ಅದು. ಕುದುಖೋವ್ 2013ರ ಕೊನೆಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಸಾಧ್ಯವಾದರೆ ಪದಕವನ್ನು ಆ ಕುಟುಂಬದ ಬಳಿಯೇ ಬಿಡಬೇಕೆಂದು ಯೋಗೇಶ್ವರ್ ಬಹಿರಂಗವಾಗಿ ಹೇಳಿದರು. ಆಟಗಾರ ಬದುಕಿಲ್ಲದ ಕಾರಣ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ವಿಚಾರಣೆಯನ್ನು ಕೈಬಿಟ್ಟಿತು. ಯಾರು ಫೈನಲ್‌ಗೆ ಹೋದದ್ದರಿಂದ ಯೋಗೇಶ್ವರ್‌ಗೆ ಮರಳಿ ಅಖಾಡಕ್ಕೆ ದಾರಿ ಸಿಕ್ಕಿತೋ, 60 ಕೆಜಿ ವಿಭಾಗದ ಬೆಳ್ಳಿ ಅವರ ಹೆಸರಿನಲ್ಲೇ ಉಳಿಯಿತು.